ಜಾಲಪುಟದಲ್ಲಿ ಕ್ಲಿಕ್ಕಿನ ಗತಿವಿಚಾರ

ಪ್ರಾಚೀನ ಕಾವ್ಯಗಳ ಪಾಠಗಳನ್ನು ಟೀಕೆ ಟಿಪ್ಪಣಿಗಳೊಡನೆ ಜಾಲಪುಟಗಳಲ್ಲಿ ಪ್ರಕಟಿಸುವ ಪದ್ಧತಿಯು ಈಗ ಬಳಕೆಗೆ ಬಂದಿದೆ. ಅಚ್ಚಿನ ಪುಸ್ತಕದಲ್ಲಿ ಅಡಿಟಿಪ್ಪಣಿಯು ಪುಟದ ಕೆಳಗಡೆ ಸ್ಥಿರವಾಗಿ ನಿಂತಿರುತ್ತದೆ; ಜಾಲಪುಟದಲ್ಲಾದರೋ ಓದುವವರು ಒಂದು ಪದವನ್ನು ಒತ್ತಿದಾಗ ಮಾತ್ರ ಅದರ ಅರ್ಥವು ತೋರಿಬರುವಂತೆ ಮಾಡಿರುವುದುಂಟು. ಆದುದರಿಂದ ಟಿಪ್ಪಣಿಯು ವಾಚಕರಿಗೆ ದೊರೆಯುವುದೂ ದೊರೆಯದಿರುವುದೂ ಆ ಒತ್ತುವಿಕೆಯನ್ನು ಪುಟವು ಹೇಗೆ ಗ್ರಹಿಸುತ್ತದೆಂಬುದನ್ನು ಅವಲಂಬಿಸಿದೆ. ಸಂಪಾದಕರು ಎಷ್ಟು ಶ್ರಮಪಟ್ಟು ಅರ್ಥನಿರ್ಣಯ ಮಾಡಿದ್ದರೂ, ಪದವನ್ನು ಒತ್ತಿದಾಗ ಅರ್ಥಕ್ಕೆ ಬದಲಾಗಿ ಬೇರೊಂದು ತೆರೆದುಕೊಂಡರೆ, ಅಥವಾ ತೆರೆದ ಅರ್ಥವು ಓದಿ ಮುಗಿಯುವ ಮೊದಲೇ ಮರೆಯಾದರೆ, ಓದುವವರ ಪಾಲಿಗೆ ಆ ಶ್ರಮವು ಇಲ್ಲದಂತೆಯೇ ಸರಿ. ಇಂಥ ದೋಷಗಳಲ್ಲಿ ಹಲವು ಒಂದೇ ಪ್ರಶ್ನೆಗೆ ಸರಿಯಾದ ಉತ್ತರವನ್ನು ಅರಿಯದಿರುವುದರಿಂದ ಹುಟ್ಟತಕ್ಕವು. ಒಂದು ಘಟಕದ ಒಳಗೆ ಮತ್ತೊಂದು ಘಟಕವಿರುವಾಗ, ಒಳಗಿನದನ್ನು ಒತ್ತಿದ ಕ್ಲಿಕ್ಕು ಯಾವುದಕ್ಕೆ ಸಲ್ಲತಕ್ಕುದು ಎಂಬುದೇ ಆ ಪ್ರಶ್ನೆ. ಅದನ್ನು ಇಲ್ಲಿ ವಿಚಾರಿಸಲಾಗುವುದು.

ವಿಷಯವು ವಿಶದವಾಗುವುದಕ್ಕಾಗಿ ಒಂದು ಪುಟವನ್ನು ಕಲ್ಪಿಸಿಕೊಳ್ಳೋಣ. ಅದರಲ್ಲಿ ಒಂದು ಆಶ್ವಾಸವಿದೆ, ಆಶ್ವಾಸದೊಳಗೆ ಪದ್ಯಗಳು, ಪದ್ಯದೊಳಗೆ ಅರ್ಥ ಹೇಳಬೇಕಾದ ಕಠಿನ ಪದಗಳು. ಪದವನ್ನು ಒತ್ತಿದರೆ ಒಂದು ಚಿಕ್ಕ ಅರ್ಥಪೆಟ್ಟಿಗೆಯು ತೆರೆಯಬೇಕು. ಪದ್ಯದ ಉಳಿದ ಭಾಗವನ್ನು ಒತ್ತಿದರೆ ಆ ಪದ್ಯದ ವ್ಯಾಖ್ಯಾನವು ತೆರೆಯಬೇಕು. ಪೆಟ್ಟಿಗೆಯ ಹೊರಗೆ ಎಲ್ಲಿ ಒತ್ತಿದರೂ ಪೆಟ್ಟಿಗೆಯು ಮುಚ್ಚಿಕೊಳ್ಳಬೇಕು. ಮೂರೂ ಸಹಜವಾದ ಅಪೇಕ್ಷೆಗಳೇ. ಆದರೆ ಈ ಮೂರನ್ನೂ ಬೇರೆಬೇರೆಯಾಗಿ ಬರೆದು ಒಂದೆಡೆ ಸೇರಿಸಿದ ಕೂಡಲೇ ಪುಟವು ಕೆಡುತ್ತದೆ. ಪದವನ್ನು ಒತ್ತಿದಾಗ ಅರ್ಥಪೆಟ್ಟಿಗೆಯು ತೆರೆಯುತ್ತದೆ; ಒಡನೆಯೇ ವ್ಯಾಖ್ಯಾನವೂ ತೆರೆಯುತ್ತದೆ; ಕೊನೆಗೆ ಅರ್ಥಪೆಟ್ಟಿಗೆಯು ಮುಚ್ಚಿಹೋಗುತ್ತದೆ. ಇವೆಲ್ಲವೂ ತೆರೆಯ ಮೇಲೆ ಚಿತ್ರವು ಮೂಡುವ ಮೊದಲೇ ನಡೆದುಹೋಗುವುದರಿಂದ, ನೋಡುವವರಿಗೆ ಪದವು ಅರ್ಥವನ್ನೇ ಕೊಡದೆ ವ್ಯಾಖ್ಯಾನವನ್ನು ಕೊಟ್ಟಂತೆ ತೋರುತ್ತದೆ. ಬರೆದ ಸಾಲುಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ ಯಾವುದರಲ್ಲಿಯೂ ತಪ್ಪು ಕಾಣುವುದಿಲ್ಲ.

ಹೀಗಾಗುವುದಕ್ಕೆ ಕಾರಣವೇನು? ಪುಟವನ್ನು ಬರೆಯುವ ಎಚ್‌ಟಿಎಂಎಲ್ ಭಾಷೆಯಲ್ಲಿ ಪ್ರತಿಯೊಂದು ಘಟಕವೂ ಮತ್ತೊಂದರ ಗರ್ಭದಲ್ಲಿರುತ್ತದೆ. ಪದವು ಪದ್ಯದಲ್ಲಿ, ಪದ್ಯವು ಆಶ್ವಾಸದಲ್ಲಿ, ಆಶ್ವಾಸವು ಪುಟದ ಒಡಲಿನಲ್ಲಿ, ಒಡಲು ಡಾಕ್ಯುಮೆಂಟಿನಲ್ಲಿ. ಎಲ್ಲಕ್ಕೂ ಮೇಲೆ ವಿಂಡೋ ಎಂಬ ವಸ್ತು. ಪದದ ಮೇಲೆ ಒತ್ತಿದವನು ಪದ್ಯದ ಮೇಲೆಯೂ ಒತ್ತಿದ್ದಾನೆ, ಆಶ್ವಾಸದ ಮೇಲೆಯೂ ಒತ್ತಿದ್ದಾನೆ. ಮನೆಯ ಒಳಕೋಣೆಯಲ್ಲಿ ನಿಂತವನು ಮನೆಯಲ್ಲಿಯೂ ಊರಿನಲ್ಲಿಯೂ ನಿಂತಿರುವಂತೆಯೇ ಇದು. ಬ್ರೌಸರು ಈ ಸಂಬಂಧವನ್ನು ಮರೆಯುವುದಿಲ್ಲ. ಒತ್ತುವಿಕೆಯಾದೊಡನೆ ಅದು ಮೊದಲು ವಿಂಡೋವಿನಿಂದ ಪದದವರೆಗಿನ ದಾರಿಯನ್ನು ಗೊತ್ತುಮಾಡಿಕೊಂಡು, ಆ ದಾರಿಯಲ್ಲಿ ಕ್ಲಿಕ್ಕಿನ ವಾರ್ತೆಯನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ, ಕೆಳಗಿನಿಂದ ಮೇಲಕ್ಕೆ ಮತ್ತೊಮ್ಮೆ ಒಯ್ಯುತ್ತದೆ. ಸಂಗೀತಶಾಸ್ತ್ರದ ಮಾತಿನಿಂದ ಇವುಗಳನ್ನು ಅವರೋಹಣ, ಆರೋಹಣ ಎಂದು ಕರೆಯಬಹುದು. ಇಲ್ಲಿ ಅವರೋಹಣವೇ ಮೊದಲು ಎಂಬುದನ್ನು ಮಾತ್ರ ನೆನಪಿನಲ್ಲಿಡಬೇಕು. ದಾರಿಯಲ್ಲಿರುವ ಯಾವ ಘಟಕದಲ್ಲಿ ಬೇಕಾದರೂ, ವಾರ್ತೆ ಬಂದಾಗ ಇಂಥ ಕೆಲಸವನ್ನು ಮಾಡತಕ್ಕುದು ಎಂದು ಒಂದು ಕಾರ್ಯವಿಧಿಯನ್ನು ನೇಮಿಸಿಡಬಹುದು. ಅದನ್ನು ಈ ಲೇಖನದಲ್ಲಿ ಶ್ರೋತೃವೆಂದು ಹೆಸರಿಸಿದೆ. ಬೇರೆ ವಿಧವಾಗಿ ಕೇಳದಿದ್ದರೆ ಶ್ರೋತೃವು ಆರೋಹಣಕಾಲದಲ್ಲಿಯೇ ವಾರ್ತೆಯನ್ನು ಪಡೆಯುತ್ತದೆ. ಮೇಲಿನ ದೃಷ್ಟಾಂತದಲ್ಲಿ ಪದ, ಪದ್ಯ, ಡಾಕ್ಯುಮೆಂಟು ಈ ಮೂರರ ಶ್ರೋತೃಗಳೂ ಆ ಕ್ರಮದಲ್ಲಿಯೇ ತಮ್ಮ ತಮ್ಮ ಕೆಲಸವನ್ನು ಮಾಡಿದವು, ಅಷ್ಟೇ ನಡೆದದ್ದು.

ಎರಡು ಗತಿಗಳು ಏಕಿರಬೇಕೆಂದು ಕೇಳಬಹುದು. ಇದು ತರ್ಕದಿಂದ ಹುಟ್ಟಿದ್ದಲ್ಲ, ಇತಿಹಾಸದಿಂದ ಹುಟ್ಟಿದ್ದು. 1997ರಲ್ಲಿ ಎರಡು ಪ್ರತಿಸ್ಪರ್ಧಿ ಬ್ರೌಸರುಗಳ ನಾಲ್ಕನೆಯ ಆವೃತ್ತಿಗಳು ಹೊರಬಂದವು. ನೆಟ್‌ಸ್ಕೇಪಿನವರದು ವಾರ್ತೆಯನ್ನು ಹೊರಗಿನ ಘಟಕವು ಮೊದಲು ಹಿಡಿಯುವಂತೆ ಮಾಡಿತು. ಮೈಕ್ರೋಸಾಫ್ಟಿನವರ ಇಂಟರ್ನೆಟ್ ಎಕ್ಸ್‌ಪ್ಲೋರರ್ ಅದಕ್ಕೆ ಪ್ರತಿಯಾಗಿ, ನೀರಿನ ಗುಳ್ಳೆಯು ತಳದಿಂದ ಮೇಲೇಳುವಂತೆ, ಒಳಗಿನಿಂದ ಹೊರಕ್ಕೆ ವಾರ್ತೆಯನ್ನು ಏರಿಸಿತು. ಒಂದೇ ಪುಟವು ಎರಡರಲ್ಲಿ ಎರಡು ಬಗೆಯಾಗಿ ನಡೆಯುತ್ತಿದ್ದ ಕಾಲವದು. 2000ನೆಯ ಇಸವಿಯ ನವೆಂಬರಿನಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಮ್ ಸಂಸ್ಥೆಯು ಪ್ರಕಟಿಸಿದ ಡಾಮ್ ಎರಡನೆಯ ಮಟ್ಟದ ಘಟನಾಸೂತ್ರಗಳು ಎರಡನ್ನೂ ಅಂಗೀಕರಿಸಿ, ಒಂದರ ಹಿಂದೆ ಒಂದನ್ನು ಇಟ್ಟು ಸಮನ್ವಯ ಮಾಡಿದವು. ಮೈಕ್ರೋಸಾಫ್ಟಿನ ಬ್ರೌಸರು ಈ ರೀತಿಗೆ ಬಂದದ್ದು 2011ರಲ್ಲಿ, ತನ್ನ ಒಂಬತ್ತನೆಯ ಆವೃತ್ತಿಯಲ್ಲಿ. ಅಷ್ಟು ಕಾಲ ಎಲ್ಲ ಬ್ರೌಸರುಗಳಲ್ಲಿಯೂ ನಡೆಯಬೇಕಾದ ಪುಟಗಳನ್ನು ಬರೆಯುವವರಿಗೆ ಆರೋಹಣವೊಂದೇ ನೆಚ್ಚತಕ್ಕದ್ದಾಗಿದ್ದಿತು. ಅದೇ ಇಂದಿಗೂ ರೂಢಿಯಾಗಿ ಉಳಿದಿರುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಇನ್ನು ಎರಡು ಪರಿಭಾಷೆಗಳ ಭೇದವನ್ನು ತಿಳಿಯಬೇಕು. ವಾರ್ತೆಯೊಡನೆ ಟಾರ್ಗೆಟ್ ಮತ್ತು ಕರೆಂಟ್ ಟಾರ್ಗೆಟ್ ಎಂಬ ಎರಡು ಸೂಚನೆಗಳು ಬರುತ್ತವೆ. ಮೊದಲನೆಯದು ಒತ್ತುವಿಕೆಯು ಯಥಾರ್ಥವಾಗಿ ಬಿದ್ದ ಅತ್ಯಂತ ಒಳಗಿನ ಘಟಕ, ಇದನ್ನು ಲಕ್ಷ್ಯವೆನ್ನೋಣ. ಎರಡನೆಯದು ಈಗ ವಾರ್ತೆಯನ್ನು ಕೇಳುತ್ತಿರುವ ಶ್ರೋತೃವು ನೇಮಕವಾಗಿರುವ ಘಟಕ, ಇದು ಆಶ್ರಯ. ವಾರ್ತೆಯು ಮೇಲೇರಿದಂತೆಲ್ಲ ಆಶ್ರಯವು ಬದಲಾಗುತ್ತದೆ, ಲಕ್ಷ್ಯವು ಬದಲಾಗುವುದಿಲ್ಲ. ಇವೆರಡನ್ನೂ ಒಂದೆಂದು ತಿಳಿಯುವುದು ಹೊಸಬರಲ್ಲಿ ಬಹು ಸಾಮಾನ್ಯವಾದ ಭ್ರಾಂತಿ. ಪದವು ಬರಿಯ ಪದವಾಗಿರುವವರೆಗೆ ಭ್ರಾಂತಿಯು ಬಯಲಿಗೆ ಬರುವುದಿಲ್ಲ. ಮುಂದೊಂದು ದಿನ ಸಂಪಾದಕರು ಪದದೊಳಗಿನ ಸಂದೇಹಾಸ್ಪದವಾದ ಒಂದಕ್ಷರವನ್ನು ಓರೆಯಕ್ಷರದಲ್ಲಿ ತೋರಿಸಬೇಕೆಂದು ಅದನ್ನು ಬೇರೊಂದು ಘಟಕದಲ್ಲಿ ಇರಿಸುತ್ತಾರೆ. ಆಗ ಆ ಅಕ್ಷರವನ್ನು ಒತ್ತಿದರೆ ಲಕ್ಷ್ಯವು ಪದವಲ್ಲ, ಅಕ್ಷರ. ಲಕ್ಷ್ಯವು ಪದವೇ ಎಂದು ಕೇಳುತ್ತಿದ್ದ ಶ್ರೋತೃವು ಅಲ್ಲವೆಂದು ಸುಮ್ಮನಾಗುತ್ತದೆ. ಪದದ ಉಳಿದ ಅಕ್ಷರಗಳು ಅರ್ಥವನ್ನು ಕೊಡುತ್ತವೆ, ಆ ಒಂದು ಕೊಡುವುದಿಲ್ಲ. ಪಾಠಾಂತರವಿರುವ ಪದಗಳಲ್ಲಿಯೇ ಹೀಗಾಗುವುದೊಂದು ವಿಪರೀತ! ಲಕ್ಷ್ಯವು ಪದವೇ ಎಂದು ಕೇಳದೆ, ಲಕ್ಷ್ಯದಿಂದ ಮೇಲಕ್ಕೆ ಹೊರಟರೆ ಹತ್ತಿರದಲ್ಲಿ ಪದವೊಂದು ಸಿಕ್ಕುತ್ತದೆಯೇ ಎಂದು ಕೇಳುವುದು ಸರಿಯಾದ ರೀತಿ. ಇದಕ್ಕಾಗಿ ಕ್ಲೋಸೆಸ್ಟ್ ಎಂಬ ಸಾಧನವಿದೆ. ಅದು ಲಕ್ಷ್ಯವನ್ನೂ ಸೇರಿಸಿಕೊಂಡು ಮೇಲ್ಮೇಲಕ್ಕೆ ಹುಡುಕುತ್ತದೆ.

ನಮ್ಮ ದೃಷ್ಟಾಂತದ ತೊಡಕಿಗೆ ಸಾಮಾನ್ಯವಾಗಿ ಹೇಳುವ ಪರಿಹಾರವು ಬೇರೆ. ಪದದ ಶ್ರೋತೃವು ತನ್ನ ಕೆಲಸವನ್ನು ಮುಗಿಸಿ, ಸ್ಟಾಪ್ ಪ್ರೊಪಗೇಷನ್ ಎಂಬ ಆಜ್ಞೆಯಿಂದ ವಾರ್ತೆಯನ್ನು ಅಲ್ಲಿಯೇ ತಡೆದುಬಿಡಲಿ ಎಂಬುದು ಆ ಪರಿಹಾರ. ಒಂದು ಸಾಲಿನ ಚಿಕಿತ್ಸೆ. ತಕ್ಷಣವೇ ಗುಣ ಕಾಣುತ್ತದೆ. ಪದ್ಯಕ್ಕೂ ಡಾಕ್ಯುಮೆಂಟಿಗೂ ವಾರ್ತೆ ಮುಟ್ಟದಿರುವುದರಿಂದ ವ್ಯಾಖ್ಯಾನವು ತೆರೆಯುವುದಿಲ್ಲ, ಅರ್ಥವು ಮುಚ್ಚುವುದಿಲ್ಲ. ಆದರೆ ಈಗ ಒಂದು ಪದದ ಅರ್ಥವು ತೆರೆದಿರುವಾಗಲೇ ಮತ್ತೊಂದು ಪದವನ್ನು ಒತ್ತಿ ನೋಡಬೇಕು. ಎರಡನೆಯ ಪದವೂ ವಾರ್ತೆಯನ್ನು ತಡೆಯುತ್ತದೆ. ಹೊರಗೆಲ್ಲಿಯೋ ಒತ್ತಿದರೆ ಪೆಟ್ಟಿಗೆಯನ್ನು ಮುಚ್ಚಬೇಕೆಂದು ಡಾಕ್ಯುಮೆಂಟಿನ ಬಳಿ ಕಾದಿರುವ ಶ್ರೋತೃವಿಗೆ ಸುದ್ದಿಯೇ ಇಲ್ಲ. ಮೊದಲಿನ ಪೆಟ್ಟಿಗೆಯು ಹಾಗೆಯೇ ನಿಲ್ಲುತ್ತದೆ, ಅದರ ಪಕ್ಕದಲ್ಲಿ ಎರಡನೆಯದು, ಮತ್ತೆ ಮೂರನೆಯದು; ಹತ್ತು ಪದಗಳನ್ನು ನೋಡಿದವರಿಗೆ ಪದ್ಯವೇ ಕಾಣುವುದಿಲ್ಲ. ಪುಟದ ತಲೆಯ ಮೇಲಿನ ಪರಿವಿಡಿಯೂ ಹೀಗೆಯೇ ತೆರೆದುಕೊಂಡೇ ಉಳಿಯುತ್ತದೆ. ಪರಿವಿಡಿಯನ್ನು ಬರೆದವರು ಬೇರೆ, ಪದಾರ್ಥವನ್ನು ಬರೆದವರು ಬೇರೆ ಆಗಿದ್ದರಂತೂ ದೋಷವು ಎಲ್ಲಿದೆಯೆಂದು ಕಂಡುಹಿಡಿಯುವುದು ಸುಲಭವಲ್ಲ. ಕೆಟ್ಟಿರುವುದು ಪರಿವಿಡಿ, ಕೆಡಿಸಿದ್ದು ಪದ. ತಡೆಯುವವನು ತನ್ನ ಹೊರಗಿರುವ ಯಾರಿಗೂ ಈ ಕ್ಲಿಕ್ಕು ಬೇಕಾಗಿಲ್ಲವೆಂದು ಅವರೆಲ್ಲರ ಪರವಾಗಿ ನಿರ್ಣಯಿಸಿದಂತಾಗುತ್ತದೆ. ಆ ನಿರ್ಣಯವನ್ನು ಮಾಡಲು ಒಳಗಿನ ಘಟಕಕ್ಕೆ ಅಧಿಕಾರವಿಲ್ಲವೆಂಬುದು ನಮ್ಮ ಅಭಿಪ್ರಾಯ.

ಪ್ರಸಂಗವಶಾತ್ ಇನ್ನೊಂದು ಮಾತು. ಪ್ರಿವೆಂಟ್ ಡಿಫಾಲ್ಟ್ ಎಂಬ ಬೇರೊಂದು ಆಜ್ಞೆಯುಂಟು. ಅದು ವಾರ್ತೆಯ ಸಂಚಾರವನ್ನು ತಡೆಯತಕ್ಕದ್ದಲ್ಲ. ಬ್ರೌಸರು ತಾನಾಗಿ ಮಾಡುವ ಕೆಲಸವನ್ನು, ಎಂದರೆ ಕೊಂಡಿಯನ್ನು ಒತ್ತಿದಾಗ ಬೇರೆ ಪುಟಕ್ಕೆ ಹೋಗುವುದೇ ಮುಂತಾದದ್ದನ್ನು, ತಡೆಯತಕ್ಕದ್ದು. 2006ರಲ್ಲಿ ಹೊರಬಂದು ಬಹುಕಾಲ ಎಲ್ಲೆಲ್ಲಿಯೂ ಬಳಕೆಯಲ್ಲಿದ್ದ ಜೆಕ್ವೆರಿ ಎಂಬ ಗ್ರಂಥಾಲಯದಲ್ಲಿ ಶ್ರೋತೃವು ಕೊನೆಗೆ ಅಸತ್ಯವೆಂಬ ಮೌಲ್ಯವನ್ನು ಹಿಂತಿರುಗಿಸಿದರೆ ಎರಡು ಆಜ್ಞೆಗಳೂ ಒಟ್ಟಿಗೆ ನಡೆಯುತ್ತಿದ್ದವು. ಇವೆರಡರ ಭೇದವು ಹಲವರಲ್ಲಿ ಮಸುಕಾಗಿರುವುದಕ್ಕೆ ಈ ಅಭ್ಯಾಸವೂ ಕಾರಣವೆಂದು ತೋರುತ್ತದೆ.

ಹಾಗಾದರೆ ಸರಿಯಾದ ವ್ಯವಸ್ಥೆ ಯಾವುದು? ವಾರ್ತೆಯನ್ನು ಹೋಗಗೊಟ್ಟು, ಕೇಳುವವರೇ ವಿವೇಚಿಸಬೇಕು. ಪದ್ಯದ ಶ್ರೋತೃವು ವಾರ್ತೆ ಬಂದಾಗ, ಲಕ್ಷ್ಯದಿಂದ ತನ್ನವರೆಗಿನ ದಾರಿಯಲ್ಲಿ ಅರ್ಥದ ಪದವಾಗಲಿ, ಕೊಂಡಿಯಾಗಲಿ, ಗುಂಡಿಯಾಗಲಿ ಇದೆಯೇ ಎಂದು ನೋಡಲಿ. ಇದ್ದರೆ ಇದು ತನಗೆ ಉದ್ದೇಶಿಸಿದ್ದಲ್ಲವೆಂದು ಸುಮ್ಮನಿರಲಿ. ಇಲ್ಲಿ ಒಂದು ಎಚ್ಚರಿಕೆ ಬೇಕು. ಕ್ಲೋಸೆಸ್ಟ್ ಸಾಧನವು ಪದ್ಯದ ಎಲ್ಲೆಯಲ್ಲಿ ನಿಲ್ಲದೆ ಪುಟದ ತುದಿಯವರೆಗೂ ಹುಡುಕುತ್ತದೆ. ಆದುದರಿಂದ ಸಿಕ್ಕಿದ ಘಟಕವು ಪದ್ಯದ ಒಳಗಿನದೇ ಎಂಬುದನ್ನು ಕಂಟೇನ್ಸ್ ಎಂಬ ಸಾಧನದಿಂದ ಮತ್ತೆ ನಿಶ್ಚಯಿಸಿಕೊಳ್ಳಬೇಕು. ಡಾಕ್ಯುಮೆಂಟಿನ ಶ್ರೋತೃವೂ ಹೀಗೆಯೇ, ಒತ್ತುವಿಕೆಯು ತೆರೆದಿರುವ ಪೆಟ್ಟಿಗೆಯಲ್ಲಿಯೋ ಅದನ್ನು ತೆರೆದ ಪದದಲ್ಲಿಯೋ ಆಗಿದೆಯೇ ಎಂದು ವಿಚಾರಿಸಿ, ಆಗಿಲ್ಲದಿದ್ದರೆ ಮಾತ್ರ ಮುಚ್ಚಲಿ. ಈ ರೀತಿಯಲ್ಲಿ ಬರೆದರೆ ಮೂರು ಅಪೇಕ್ಷೆಗಳೂ ಒಂದಕ್ಕೊಂದು ಬಾಧಕವಾಗುವುದಿಲ್ಲ. ತಡೆಯುವ ಆಜ್ಞೆಗೆ ಎಲ್ಲಿಯೂ ಅವಕಾಶವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅದು ಕಡೆಯ ಮದ್ದಾಗಿರಬೇಕೇ ಹೊರತು ಮೊದಲಿನದಾಗಿರಬಾರದು.

ಆರೋಹಣದಿಂದ ಒಂದು ಉಪಕಾರವೂ ಇದೆ. ಸಾವಿರ ಪದ್ಯಗಳಿದ್ದರೆ ಸಾವಿರ ಶ್ರೋತೃಗಳು ಬೇಕಾಗಿಲ್ಲ. ಆಶ್ವಾಸಕ್ಕೆ ಒಂದನ್ನು ನೇಮಿಸಿ, ಲಕ್ಷ್ಯವನ್ನು ನೋಡಿ ಯಾವ ಪದ್ಯವೆಂದು ಅದು ತಿಳಿದುಕೊಂಡರೆ ಸಾಕು. ಮುಂದೆ ಸೇರಿಸಿದ ಪದ್ಯಗಳಿಗೂ ಅದೇ ಅನ್ವಯಿಸುತ್ತದೆ. ವಾರ್ತೆಯನ್ನು ನಡುದಾರಿಯಲ್ಲಿ ತಡೆಯುವವರು ಈ ಅನುಕೂಲವನ್ನೂ ಕಳೆದುಕೊಳ್ಳುತ್ತಾರೆ.

ಮೇಲಿನ ವ್ಯವಸ್ಥೆಯಲ್ಲಿಯೂ ಒಂದು ಸೂಕ್ಷ್ಮವು ಉಳಿಯುತ್ತದೆ. ಅರ್ಥಪೆಟ್ಟಿಗೆಯಲ್ಲಿ ‘ಇನ್ನಷ್ಟು’ ಎಂಬ ಗುಂಡಿಯಿದೆಯೆನ್ನೋಣ. ಅದನ್ನು ಒತ್ತಿದರೆ ಗುಂಡಿಯು ಹೋಗಿ, ಅದರ ಸ್ಥಾನದಲ್ಲಿ ಪ್ರಯೋಗಗಳ ಪಟ್ಟಿ ಬರುತ್ತದೆ. ವಾರ್ತೆಯು ಆಮೇಲೆ ಡಾಕ್ಯುಮೆಂಟಿಗೆ ಮುಟ್ಟುತ್ತದೆ. ಅಲ್ಲಿಯ ಶ್ರೋತೃವು ಲಕ್ಷ್ಯವು ಪೆಟ್ಟಿಗೆಯೊಳಗಿದೆಯೇ ಎಂದು ಕೇಳಿದರೆ ಇಲ್ಲವೆಂಬ ಉತ್ತರವೇ ಬರುತ್ತದೆ. ಏಕೆಂದರೆ ಗುಂಡಿಯು ಈಗ ಪುಟದಲ್ಲಿಯೇ ಇಲ್ಲ. ಪೆಟ್ಟಿಗೆಯು ಮುಚ್ಚಿಹೋಗುತ್ತದೆ, ಹೆಚ್ಚಿನ ಪ್ರಯೋಗಗಳನ್ನು ಬಯಸಿದವರಿಗೆ ಇದ್ದ ಅರ್ಥವೂ ತಪ್ಪುತ್ತದೆ. ಆದರೆ ವಾರ್ತೆಯು ಮೇಲೇರುತ್ತ ಡಾಕ್ಯುಮೆಂಟನ್ನು ಮುಟ್ಟಿತಷ್ಟೆ? ಗುಂಡಿಯು ಕಿತ್ತುಹೋದ ಮೇಲೆಯೂ ಅದು ಹೇಗೆ ಮುಟ್ಟಿತು? ಸಂಚಾರಕ್ಕೆ ಮೊದಲೇ ದಾರಿಯು ಗೊತ್ತಾಗಿರುತ್ತದೆಂದು ಹಿಂದೆ ಹೇಳಿದುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪುಟವು ನಡುವೆ ಬದಲಾದರೂ ಆ ದಾರಿಯು ಬದಲಾಗುವುದಿಲ್ಲ. ಕಂಪೋಸ್ಡ್ ಪಾತ್ ಎಂಬ ಸಾಧನವು ಆ ದಾರಿಯನ್ನೇ ಪಟ್ಟಿಯಾಗಿ ಕೊಡುತ್ತದೆ. ಲಕ್ಷ್ಯವು ಈಗ ಎಲ್ಲಿದೆಯೆಂದು ಕೇಳದೆ, ಪೆಟ್ಟಿಗೆಯು ಆ ಪಟ್ಟಿಯಲ್ಲಿದೆಯೇ ಎಂದು ಕೇಳಿದರೆ ಉತ್ತರವು ತಪ್ಪುವುದಿಲ್ಲ. ಮೇಲೆ ಹೇಳಿದ ಕಂಟೇನ್ಸ್ ಪರೀಕ್ಷೆಗಿಂತ, ಹೊರಗಿನ ಒತ್ತುವಿಕೆಯನ್ನು ಗುರುತಿಸುವುದರಲ್ಲಿ, ಇದೇ ಹೆಚ್ಚು ನಂಬತಕ್ಕದ್ದು.

ವಿದ್ವಾಂಸರಿಗೆ ಇದಕ್ಕಿಂತ ಹೆಚ್ಚು ತೊಂದರೆಯನ್ನು ಕೊಡತಕ್ಕ ಇನ್ನೊಂದು ಸಂಗತಿಯಿದೆ. ಕ್ಲಿಕ್ಕೆಂಬುದು ಒಂದೇ ಕ್ರಿಯೆಯಂತೆ ಕಂಡರೂ ಮೌಸಿನ ಗುಂಡಿಯನ್ನು ಒತ್ತುವುದು, ಬಿಡುವುದು ಎಂಬ ಎರಡು ಕ್ರಿಯೆಗಳಿಂದ ಆದದ್ದು. ಒತ್ತಿದ್ದು ಒಂದು ಘಟಕದಲ್ಲಿ, ಬಿಟ್ಟದ್ದು ಮತ್ತೊಂದರಲ್ಲಿ ಆದರೆ ಲಕ್ಷ್ಯವು ಯಾವುದು? ಈಗಿನ ನಿಯಮದಂತೆ ಎರಡನ್ನೂ ಒಳಗೊಂಡಿರುವ ಘಟಕಗಳಲ್ಲಿ ಅತ್ಯಂತ ಹತ್ತಿರದ್ದು. ಟಿಪ್ಪಣಿ ಬರೆದುಕೊಳ್ಳುವುದಕ್ಕಾಗಿ ಪುಟದ ಮೇಲೆ ಒಂದು ಮಬ್ಬು ಪರದೆಯನ್ನು ಹಾಸಿ, ಅದರ ಒಳಗೆ ಬರವಣಿಗೆಯ ಪೆಟ್ಟಿಗೆಯನ್ನು ಇಟ್ಟಿದ್ದಾರೆ. ಪರದೆಯನ್ನು ಒತ್ತಿದರೆ ಎಲ್ಲವೂ ಮುಚ್ಚಬೇಕೆಂಬ ಏರ್ಪಾಡು. ವಾಚಕರೊಬ್ಬರು ಅರ್ಧಪುಟದ ಟಿಪ್ಪಣಿಯನ್ನು ಬರೆದು, ಕಡೆಯ ಸಾಲನ್ನು ತಿದ್ದಬೇಕೆಂದು ಬಲದಿಂದ ಎಡಕ್ಕೆ ಮೌಸನ್ನು ಎಳೆಯುತ್ತ ಅದನ್ನು ಆಯ್ಕೆಮಾಡುತ್ತಾರೆ. ಕೈ ತುಸು ಹೆಚ್ಚು ಸರಿದು, ಗುಂಡಿಯನ್ನು ಬಿಡುವಾಗ ಬಾಣವು ಪೆಟ್ಟಿಗೆಯ ಅಂಚನ್ನು ದಾಟಿ ಪರದೆಯ ಮೇಲಿರುತ್ತದೆ. ಒತ್ತಿದ್ದು ಪೆಟ್ಟಿಗೆಯಲ್ಲಿ, ಬಿಟ್ಟದ್ದು ಪರದೆಯಲ್ಲಿ. ಪೆಟ್ಟಿಗೆಯು ಪರದೆಯ ಗರ್ಭದಲ್ಲಿರುವುದರಿಂದ ಲಕ್ಷ್ಯವು ಪರದೆ. ಎಲ್ಲವೂ ಮುಚ್ಚುತ್ತದೆ, ಉಳಿಸಿಡುವ ಏರ್ಪಾಡಿಲ್ಲದಿದ್ದರೆ ಬರೆದದ್ದೂ ಹೋಗುತ್ತದೆ. ಇಲ್ಲಿ ವಾರ್ತೆಯನ್ನು ತಡೆಯುವ ಆಜ್ಞೆಯಿಂದ ಯಾವ ಪ್ರಯೋಜನವೂ ಇಲ್ಲ. ವಾರ್ತೆಯು ಪೆಟ್ಟಿಗೆಯ ಮೂಲಕ ಹಾಯುವುದೇ ಇಲ್ಲವಷ್ಟೆ. ಒತ್ತುವಿಕೆಯು ಎಲ್ಲಿ ಆರಂಭವಾಯಿತೆಂಬುದನ್ನು ಮೌಸ್ ಡೌನ್ ವಾರ್ತೆಯಿಂದ ತಿಳಿದಿಟ್ಟುಕೊಂಡು, ಆರಂಭವೂ ಅಂತ್ಯವೂ ಪರದೆಯಲ್ಲಿಯೇ ಆಗಿದ್ದರೆ ಮಾತ್ರ ಮುಚ್ಚುವುದು ಇದಕ್ಕೆ ತಕ್ಕ ಉಪಾಯ.

ಪದ್ಯದಲ್ಲಿಯೂ ಇದರ ಒಂದು ರೂಪವನ್ನು ಕಾಣಬಹುದು. ಉದ್ಧರಿಸುವುದಕ್ಕಾಗಿ ಪದ್ಯದ ಎರಡು ಸಾಲುಗಳನ್ನು ಎಳೆದು ಆಯ್ಕೆಮಾಡಿದರೆ, ಕೈ ಬಿಟ್ಟೊಡನೆ ಪದ್ಯಕ್ಕೆ ಕ್ಲಿಕ್ಕು ತಗುಲಿ ವ್ಯಾಖ್ಯಾನವು ತೆರೆಯುತ್ತದೆ. ಗೆಟ್ ಸೆಲೆಕ್ಷನ್ ಎಂಬ ಸಾಧನದಿಂದ ಏನಾದರೂ ಆಯ್ಕೆಯಾಗಿದೆಯೇ ಎಂದು ನೋಡಿ, ಆಗಿದ್ದರೆ ಸುಮ್ಮನಿರುವಂತೆ ಪದ್ಯದ ಶ್ರೋತೃವಿಗೆ ಹೇಳಬೇಕು.

ಗರ್ಭವೆಂಬುದು ಕಣ್ಣಿಗೆ ಕಾಣುವ ಸ್ಥಾನದಿಂದ ನಿಶ್ಚಿತವಾಗತಕ್ಕದ್ದಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಅರ್ಥಪೆಟ್ಟಿಗೆಯು ತೆರೆಯ ಮೇಲೆ ಪದದ ಪಕ್ಕದಲ್ಲಿ ಕಂಡರೂ ಪುಟದ ರಚನೆಯಲ್ಲಿ ಅದನ್ನು ಒಡಲಿನ ತುದಿಯಲ್ಲಿ ಇರಿಸಿರಬಹುದು. ಆಗ ಅದರಲ್ಲಿಯ ಕ್ಲಿಕ್ಕು ಪದ್ಯಕ್ಕೆ ಮುಟ್ಟುವುದಿಲ್ಲ. ಈಗ ಬಹಳ ಬಳಕೆಯಲ್ಲಿರುವ ರಿಯಾಕ್ಟ್ ಎಂಬ ಗ್ರಂಥಾಲಯದಲ್ಲಿ ಇದಕ್ಕೊಂದು ಅಪವಾದವಿದೆ. 2017ರಲ್ಲಿ ಅದರ ಹದಿನಾರನೆಯ ಆವೃತ್ತಿಯು ಪೋರ್ಟಲ್ ಎಂಬ ವಿಧಾನವನ್ನು ಕೊಟ್ಟಿತು. ಅದರ ಮೂಲಕ ಒಡಲಿನ ತುದಿಯಲ್ಲಿರಿಸಿದ ಪೆಟ್ಟಿಗೆಯಲ್ಲಿ ಒತ್ತಿದರೂ, ಗ್ರಂಥಾಲಯದ ಮೂಲಕ ನೇಮಿಸಿದ ಶ್ರೋತೃಗಳ ಮಟ್ಟಿಗೆ ವಾರ್ತೆಯು ಪುಟದ ರಚನೆಯನ್ನಲ್ಲ, ಕರ್ತೃವು ಬರೆದ ರಚನೆಯನ್ನು ಅನುಸರಿಸಿ ಪದ್ಯಕ್ಕೆ ಏರುತ್ತದೆ. ಪದ್ಯದಿಂದ ಹೊರಗಿರುವುದು ಪದ್ಯವನ್ನು ಹೇಗೆ ಎಚ್ಚರಿಸಿತೆಂದು ಆಶ್ಚರ್ಯಪಡುವವರು ಇದನ್ನು ನೆನೆಯಬೇಕು.

ಕೊನೆಯದಾಗಿ, ಗರ್ಭವಿನ್ಯಾಸವೇ ಸರಿಯಿಲ್ಲದ ಸಂದರ್ಭವೊಂದಿದೆ. ಅಲ್ಲಿ ಶ್ರೋತೃಗಳ ವಿವೇಕವೆಷ್ಟಿದ್ದರೂ ಸಾಲದು. ಪದ್ಯವನ್ನೇ ಇಡಿಯಾಗಿ ಒಂದು ಕೊಂಡಿಯನ್ನಾಗಿ ಮಾಡಿ, ಅದರೊಳಗೆ ಪದಗಳಿಗೆ ಮತ್ತೆ ಕೊಂಡಿಗಳನ್ನು ಇಡುವುದು ಎಚ್‌ಟಿಎಂಎಲ್ ನಿಯಮಕ್ಕೆ ವಿರುದ್ಧ. ಕೊಂಡಿಯೊಳಗೆ ಕೊಂಡಿಯೂ ಗುಂಡಿಯೂ ಇರತಕ್ಕುದಲ್ಲ, ಗುಂಡಿಯೊಳಗೂ ಹಾಗೆಯೇ. ಬರೆದವರು ಹೀಗೆ ಬರೆದರೂ ಬ್ರೌಸರು ಹೀಗೆ ಓದುವುದಿಲ್ಲ: ಎರಡನೆಯ ಕೊಂಡಿಯು ಆರಂಭವಾದ ಸ್ಥಳದಲ್ಲಿ ಮೊದಲನೆಯದನ್ನು ತಾನೇ ಮುಗಿಸಿಬಿಡುತ್ತದೆ. ಪದ್ಯವು ನಡುವೆ ಒಡೆದು, ರಚನೆಯು ಬರೆದದ್ದಕ್ಕಿಂತ ಬೇರೆಯಾಗುತ್ತದೆ.

ಇದನ್ನು ತಪ್ಪಿಸಲು ಪದ್ಯವನ್ನು ಅರ್ಥವಿಲ್ಲದ ಬರಿಯ ಡಿವ್ ಘಟಕವನ್ನಾಗಿ ಮಾಡಿ ಅದಕ್ಕೆ ಕ್ಲಿಕ್ಕಿನ ಶ್ರೋತೃವನ್ನು ಮಾತ್ರ ಜೋಡಿಸುವವರಿದ್ದಾರೆ. ಮೌಸನ್ನು ಹಿಡಿದವರಿಗೆ ಇದು ನಡೆಯುತ್ತದೆ. ಕೀಲಿಮಣೆಯಿಂದಲೇ ಓದುವವರಿಗೆ, ತೆರೆಯನ್ನು ಓದಿಹೇಳುವ ತಂತ್ರಾಂಶವನ್ನು ಬಳಸುವ ಅಂಧರಿಗೆ, ಇಲ್ಲಿ ಒತ್ತತಕ್ಕದ್ದು ಏನೋ ಇದೆಯೆಂಬ ಸೂಚನೆಯೇ ದೊರೆಯುವುದಿಲ್ಲ. ವ್ಯಾಖ್ಯಾನವು ಅವರಿಗೆ ಇಲ್ಲದಂತೆಯೇ. ಕಠಿನ ಪದವು ನಿಜವಾದ ಗುಂಡಿಯಾಗಿರಲಿ. ವ್ಯಾಖ್ಯಾನಕ್ಕೆ ಪದ್ಯದ ಸಂಖ್ಯೆಯ ಪಕ್ಕದಲ್ಲಿ ಬೇರೊಂದು ಗುಂಡಿಯಿರಲಿ. ಪದ್ಯವೆಲ್ಲವೂ ಒತ್ತತಕ್ಕದ್ದಾಗಿರಬೇಕೆಂಬ ಆಸೆಯನ್ನು ಬಿಟ್ಟರೆ, ಈ ಲೇಖನದ ಮೊದಲಲ್ಲಿ ಕಂಡ ತೊಡಕಿನಲ್ಲಿ ಅರ್ಧವು ಹುಟ್ಟುವುದೇ ಇಲ್ಲ. ಇಟ್ಟುಕೊಂಡರೂ ಅದು ಮೌಸಿನವರಿಗೆ ಹೆಚ್ಚಿನ ಅನುಕೂಲವಾಗಿರಲಿ, ವ್ಯಾಖ್ಯಾನಕ್ಕೆ ಏಕೈಕ ದಾರಿಯಾಗದಿರಲಿ. ಗುಂಡಿಯ ಮೇಲೆ ಎಂಟರ್ ಕೀಲಿಯನ್ನಾಗಲಿ ಖಾಲಿಜಾಗದ ಕೀಲಿಯನ್ನಾಗಲಿ ಒತ್ತಿದಾಗ ಬ್ರೌಸರು ತಾನೇ ಕ್ಲಿಕ್ಕನ್ನು ಹುಟ್ಟಿಸುತ್ತದೆ. ಅದೂ ಮೇಲೆ ವಿವರಿಸಿದ ದಾರಿಯಲ್ಲಿಯೇ ಇಳಿದು ಏರುತ್ತದೆ. ಆದುದರಿಂದ ಕೀಲಿಮಣೆಯವರಿಗಾಗಿ ಬೇರೆ ಶ್ರೋತೃವನ್ನು ಬರೆಯಬೇಕಾಗಿಲ್ಲ. ಅವರು ಪೆಟ್ಟಿಗೆಯಿಂದ ಹೊರಗೆ ನಡೆದಾಗ ಅದನ್ನು ಮುಚ್ಚುವುದಕ್ಕೆ ಮಾತ್ರ ಫೋಕಸ್ ಔಟ್ ಎಂಬ ವಾರ್ತೆಯನ್ನು ಕೇಳಬೇಕು. ಅದರ ಜೊತೆಯದಾದ ಬ್ಲರ್ ಎಂಬುದು ಮೇಲಕ್ಕೆ ಏರತಕ್ಕದ್ದಲ್ಲವಾದ್ದರಿಂದ ಹೊರಘಟಕದಲ್ಲಿ ರೂಢಿಯಂತೆ ಕಾದಿರುವ ಶ್ರೋತೃವಿಗೆ ಕೇಳಿಸುವುದಿಲ್ಲ. ಎಸ್ಕೇಪ್ ಕೀಲಿಯಿಂದ ಪೆಟ್ಟಿಗೆಯನ್ನು ಮುಚ್ಚಿದಾಗಲಾದರೋ, ಓದುವವರ ಗಮನವನ್ನು ಪುಟದ ತಲೆಗೆ ಒಯ್ಯದೆ, ಅರ್ಥವನ್ನು ಕೇಳಿದ ಆ ಪದಕ್ಕೇ ಹಿಂತಿರುಗಿಸಿ ಬಿಡಬೇಕು.